ಬ್ಯಾಂಕನ್ನು ಎಲ್ಲಿಟ್ಟಿದ್ದೀಯ?

ಸೇಂಟ್ ಲೂಯಿಸ್. ಡೆಲ್ಮಾರ್ ರಸ್ತೆಯ ಪಕ್ಕ
ಗ್ರಂಥಾಲಯದ ನೆಲಮಾಳಿಗೆ, ಜನವರಿ.
ಹೀಟರು ಕೆಮ್ಮುತ್ತಿತ್ತು.
ಗೋಡೆಯ ಮೇಲೆ ನಾನು ಕಟ್ಟಿದ ಪುಟ್ಟ ಊರು:
ಎರಡೂವರೆ ಸಾವಿರ ಚೌಕ,
ನೇರಳೆ ಚುಕ್ಕಿ, ಹಳದಿ ಚುಕ್ಕಿ,
ನಡುನಡುವೆ ಖಾಲಿ ಮನೆ.

"ಇವರಲ್ಲಿ ಯಾರೂ ಕೆಟ್ಟವರಲ್ಲ," ಅಂದೆ.
"ಪ್ರತಿ ಚುಕ್ಕಿ ಕೇಳುವುದು ಇಷ್ಟೇ:
ನೆರೆಯವರಲ್ಲಿ ಮೂರರಲ್ಲೊಬ್ಬರು ತನ್ನ ಬಣ್ಣದವರಿರಲಿ.
ಇಲ್ಲವಾದರೆ ಗಂಟುಮೂಟೆ ಕಟ್ಟುತ್ತದೆ."
ಗುಂಡಿ ಒತ್ತಿದೆ.

ಮೊದಲು ಕಾದ ಬಾಣಲೆಯಲ್ಲಿ ಜೋಳ ಅರಳಿದ ಹಾಗೆ ಚಿಟಪಟ,
ಆಮೇಲೆ ಒಂದೊಂದೇ ತಣ್ಣಗಾಗಿ
ಇಪ್ಪತ್ತನೆಯ ಸುತ್ತಿಗೆ
ನೇರಳೆಯದೊಂದು ಖಂಡ, ಹಳದಿಯದೊಂದು ಖಂಡ,
ನಡುವೆ ಯಾರೂ ಎಳೆಯದ ಗೆರೆ.

ಕುರ್ಚಿಯಿಂದ ಕುರ್ಚಿಗೆ ನಿಟ್ಟುಸಿರೊಂದು ಹರಿಯಿತು.
ಆ ನಿಟ್ಟುಸಿರು ನನಗೆ ಗೊತ್ತು:
ತಪ್ಪು ಯಾರದ್ದೂ ಅಲ್ಲವಂತೆ, ಸದ್ಯ.
ಹನಿಗೂಡಿದರೆ ಹಳ್ಳ;
ಹನಿಯನ್ನು ಯಾರು ದೂರುತ್ತಾರೆ?

ಹಿಂದಿನ ಸಾಲಿನಲ್ಲಿ ಹೋರೇಸ್ ಟಾಲಿವರ್ ಎದ್ದರು,
ಮೊಣಕಾಲಿನ ಜೊತೆ ಮಾತುಕತೆ ಮುಗಿಸಿ, ನಿಧಾನಕ್ಕೆ.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು,
ಈ ರಸ್ತೆಯನ್ನು ದಿನಕ್ಕೆ ಹದಿನಾಲ್ಕು ಸಲ ದಾಟಿದವರು.

"ಆಟ ಚೆನ್ನಾಗಿದೆ, ಮಗಳೇ.
ಬ್ಯಾಂಕನ್ನು ಎಲ್ಲಿಟ್ಟಿದ್ದೀಯ?"

ಪರದೆಯನ್ನು ನೋಡಿದೆ, ಅಲ್ಲೆಲ್ಲೋ ಇದೆಯೇನೋ ಎಂಬಂತೆ.

"ನಮ್ಮಪ್ಪನೂ ಗಂಟುಮೂಟೆ ಕಟ್ಟಿದ ಚುಕ್ಕಿಯೇ.
ನಲವತ್ತಾರರಲ್ಲಿ, ಯುದ್ಧದ ಪದಕ ಕೋಟಿಗೆ ಚುಚ್ಚಿಕೊಂಡು
ರಸ್ತೆಯಾಚೆಗಿನ ಇಟ್ಟಿಗೆ ಮನೆ ಕೇಳಲು ಹೋದ.
ಖಾಲಿ ಇತ್ತು. ಕಿಟಕಿಯಿಂದ ಇಣುಕಿಯೂ ನೋಡಿದ್ದ.
ಕ್ರಯಪತ್ರದಲ್ಲೇ ಬೇಲಿ ಬರೆದಿತ್ತು, ನಮ್ಮಂಥವರಿಗೆ ಮಾರಕೂಡದೆಂದು.
ಸರಿ, ಇರುವ ಮನೆಯ ಸೂರಿಗಾದರೂ ಸಾಲ ಕೊಡಿ ಅಂದ.
ಗುಮಾಸ್ತ ಡ್ರಾಯರಿನಿಂದ ನಕ್ಷೆ ತೆಗೆದ.
ನಮ್ಮ ಬೀದಿಗೆ ಕೆಂಪು ಬಳಿದಿತ್ತು."

ಕೂತರು. ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿದರು.
ಆ ಸದ್ದು ಎಲ್ಲರಿಗೂ ಕೇಳಿಸಿತು.

ಆರು ವಾರ ಮನೆ ಸೇರಿದ್ದು ನಿದ್ದೆಗೆ ಮಾತ್ರ.
ಚುಕ್ಕಿಗಳಿಗೆ ಜೇಬು ಹೊಲಿದೆ, ಜೇಬಿಗೆ ತೂತೂ ಮಾಡಿದೆ.
ಸೋರುವ ಸೂರು, ಮನೆಕಂದಾಯದಿಂದ ನಡೆಯುವ ಶಾಲೆ,
ನಲವತ್ತು ಚೌಕಗಳ ಎದೆಯ ಮೇಲೆ ಹೆದ್ದಾರಿ.
ಹಳ್ಳ ಹರಿಯುವುದು ಹನಿಯಿಂದ, ನಿಜ.
ಇಳಿಜಾರು ತೋಡಿದ ಗುದ್ದಲಿಗೆ
ಹಿಡಿ ಇರಲೇಬೇಕಲ್ಲ.

ಊರಿಗೆ ಐವತ್ತು ತುಂಬಿದಾಗ
ಕೆಟ್ಟ ಕಾನೂನೆಲ್ಲ ಒರೆಸಿ ಹಾಕಿದೆ.
ಎಲ್ಲರಿಗೂ ಒಂದೇ ಬ್ಯಾಂಕು, ಒಂದೇ ಬಡ್ಡಿ.
ನೆರೆಯವರ ಬಣ್ಣ ಯಾವ ಚುಕ್ಕಿಯೂ ಕೇಳುವಂತಿಲ್ಲ.
ಇನ್ನು ಬೆರೆತಾವು ಎಂದುಕೊಂಡು
ರಾತ್ರಿಯಿಡೀ ಓಡಲು ಬಿಟ್ಟೆ.

ಬೆಳಿಗ್ಗೆ ಗೆರೆ ಅಲ್ಲೇ ಇತ್ತು,
ಅಂಚು ತುಸು ಮಸುಕು, ಅಷ್ಟೇ.
ಜನ ಮರೆತ ಬಣ್ಣವನ್ನು
ಮನೆಯ ಬೆಲೆ ನೆನಪಿಟ್ಟುಕೊಂಡಿತ್ತು.
ಹಗ್ಗ ಸುಟ್ಟಿತ್ತು. ಹುರಿ ಹಾಗೇ ಇತ್ತು.

ಇದಕ್ಕೆ ನಮ್ಮ ಶಾಸ್ತ್ರದಲ್ಲೊಂದು ಹೆಸರಿದೆ,
ಸಮೀಕರಣವೂ ಇದೆ.
ಹೋರೇಸರ ಮುಂದೆ ನಾಲಿಗೆ ಏಳಲಿಲ್ಲ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು,
ಬೆರಳು ಒಂದು ಚೌಕದ ಮೇಲೆ ನಿಂತಿತು.
"ಇದು ನಮ್ಮ ಮನೆ."
ಅಲ್ಲ; ಅದು ಬರೀ ಸಾವಿರದ ನೂರಾ ನಲವತ್ತಾರನೆಯ ಸಂಖ್ಯೆ,
ದಾಳ ಬಿದ್ದಲ್ಲಿ ಬಿದ್ದದ್ದು.
ಹೇಳಲಿಲ್ಲ.

"ಇದನ್ನು ಹಿಂದಕ್ಕೆ ಓಡಿಸಬಹುದಾ?"

ಕಷ್ಟ, ಅಂದೆ.

"ಬಸ್ಸನ್ನೂ ಒಬ್ಬನೇ ಹಿಂದಕ್ಕೆ ತೆಗೆಯುವಂತಿರಲಿಲ್ಲ, ಮಗಳೇ.
ಡಿಪೋದ ನಿಯಮ.
ಯಾರಾದರೂ ಇಳಿದು ಹಿಂದೆ ನಿಂತು ಕೈ ಬೀಸಬೇಕು."

ಕುರ್ಚಿ ಎಳೆದು ನನ್ನ ಬೆನ್ನ ಹಿಂದೆ ಕೂತರು.

"ಹೂಂ. ತೆಗಿ."